ಬೆರಳಚ್ಚು ನೋಡಿ ಮಗನಿಗೆ ಸೈನ್ಸ್ ಬೇಡ ಅಂದರು, ಐಕ್ಯೂ ಒಂದೊಂದು ಕಡೆ ಒಂದೊಂದು ಬಂತು. ಯಾವುದನ್ನು ನಂಬೋದು?

ಕಲಬುರಗಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ಕ್ಲಾಸ್. ಪಿಯುಸಿಗೆ ಸೈನ್ಸೋ ಕಾಮರ್ಸೋ ಅಂತ ಮನೇಲಿ ದಿನಾ ಇದೇ ಮಾತು. ಅಷ್ಟರಲ್ಲಿ ಅವನ ಟ್ಯೂಷನ್‌ನವರು ಯಾರನ್ನೋ ಕರೆಸಿ ಮಕ್ಕಳ ಹತ್ತೂ ಬೆರಳು ಸ್ಕ್ಯಾನ್ ಮಾಡಿಸಿದರು. ಡಿಎಂಐಟಿ ಟೆಸ್ಟ್ ಅಂತೆ. ದುಡ್ಡೂ ಕಡಿಮೆ ತಗೊಳ್ಳಲಿಲ್ಲ. ಆಮೇಲೆ ಬಣ್ಣ ಬಣ್ಣದ ದಪ್ಪ ರಿಪೋರ್ಟ್ ಕೊಟ್ಟರು. ಎಡ ಮೆದುಳು ಇಷ್ಟು, ಬಲ ಮೆದುಳು ಇಷ್ಟು ಅಂತ ಪರ್ಸೆಂಟ್ ಹಾಕಿ, ಕೊನೆಗೆ "ಲೆಕ್ಕದ ಬುದ್ಧಿ ಕಡಿಮೆ, ಸೈನ್ಸ್ ಸೂಕ್ತವಲ್ಲ" ಅಂತ ಬರೆದಿದ್ದಾರೆ. ಹುಡುಗ ಅದನ್ನು ಓದಿದಾಗಿನಿಂದ ಗಣಿತದ ಪುಸ್ತಕ ಮುಟ್ಟುತ್ತಿಲ್ಲ. ಕೇಳಿದರೆ "ನನ್ನ ಬೆರಳಲ್ಲೇ ಇಲ್ಲವಂತಲ್ಲ" ಅನ್ನುತ್ತಾನೆ.

ಇನ್ನೊಂದು ವಿಷಯ. ಹೋದ ವರ್ಷ ಶಾಲೆಯವರು, ಇವನು ಬರೆಯೋದು ನಿಧಾನ, ಒಮ್ಮೆ ತೋರಿಸಿ ಅಂದರು. ಅವರು ಹೇಳಿದ ಕಡೆ ಐಕ್ಯೂ ಟೆಸ್ಟ್ ಮಾಡಿಸಿದೆವು, 86 ಬಂತು. ನಮ್ಮ ಯಜಮಾನರಿಗೆ ಸಮಾಧಾನ ಆಗದೆ ಬೇರೆ ಕಡೆ ಮಾಡಿಸಿದರು, ಅಲ್ಲಿ 93. ಇದೆಂಥ ಟೆಸ್ಟು, ಒಂದೇ ಹುಡುಗ, ಎರಡು ನಂಬರು? ಮನಸ್ಸು, ಬುದ್ಧಿ ಇವನ್ನೆಲ್ಲ ಅಳೆಯೋ ಟೆಸ್ಟ್‌ಗಳಲ್ಲಿ ಯಾವುದು ನಂಬೋ ಹಾಗಿದೆ ಅಂತ ನಮ್ಮಂಥವರು ಹೇಗೆ ತಿಳಿಯೋದು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸುರಪುರ_ಪೋರ

ಅಕ್ಕಾ, ಮೊದಲು ಆ ರಿಪೋರ್ಟ್ ಹುಡುಗನ ಕೈಗೆ ಸಿಗದ ಹಾಗೆ ಎತ್ತಿಡಿ. ಬೇಕಾದರೆ ಅಟ್ಟದ ಮೇಲೆ.

ನಾನು ಬಿಎದಲ್ಲಿ ಸೈಕಾಲಜಿ ಓದಿದವನು. ಫೋರರ್ ಅನ್ನೋ ಅಮೆರಿಕದ ಪ್ರೊಫೆಸರ್ ಒಬ್ಬರಿದ್ದರು. ತಮ್ಮ ಕ್ಲಾಸಿನ 39 ಜನಕ್ಕೆ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟರು. ಕೆಲವು ದಿನ ಬಿಟ್ಟು ಒಬ್ಬೊಬ್ಬರಿಗೂ ಅವರವರ ಹೆಸರು ಹಾಕಿದ ರಿಪೋರ್ಟ್ ಹಂಚಿ, ಇದು ನಿಮಗೆ ಎಷ್ಟು ಹೊಂದುತ್ತೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಆದರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ರಿಪೋರ್ಟ್! ಅಂಗಡಿಯಲ್ಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ ಸಾಲು ಎತ್ತಿ ಬರೆದದ್ದು. 1949ರಲ್ಲಿ ಇದನ್ನು ಅಚ್ಚು ಹಾಕಿಸಿದರು. "ನಿಮ್ಮಲ್ಲಿ ಇನ್ನೂ ಬಳಸದ ಶಕ್ತಿ ಬಹಳ ಇದೆ", "ಹೊರಗೆ ಗಟ್ಟಿ, ಒಳಗೆ ಆತಂಕ" ಇಂಥ ಮಾತು ಯಾರಿಗೆ ಹೊಂದಲ್ಲ ಹೇಳಿ?

ನೀವೇ ಪರೀಕ್ಷೆ ಮಾಡಿ ನೋಡಬಹುದು. ರಿಪೋರ್ಟಿನ ಮೇಲಿನ ಹೆಸರು ಮುಚ್ಚಿ, ನೆಂಟರಲ್ಲಿ ಯಾರಿಗಾದರೂ "ಇದು ನಿಮ್ಮ ಮಗುವಿನದು" ಅಂತ ಕೊಟ್ಟು ನೋಡಿ.

ದಾರಿದೀಪ_ಕೆರಿಯರ್

ಗೊತ್ತಿಲ್ಲದೆ ಟೀಕೆ ಮಾಡಬೇಡಿ. ಡರ್ಮಟೋಗ್ಲಿಫಿಕ್ಸ್, ಅಂದರೆ ಬೆರಳು, ಅಂಗೈ ಗೆರೆಗಳ ಅಧ್ಯಯನ, ನಿಜವಾದ ವಿಜ್ಞಾನ. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ, ಮೆದುಳೂ ಅದೇ ಸಮಯಕ್ಕೆ ಬೆಳೆಯುತ್ತೆ. ನಿಮ್ಮ ಐಕ್ಯೂ ಟೆಸ್ಟ್‌ನಲ್ಲಿ ಒಮ್ಮೆ 86, ಒಮ್ಮೆ 93 ಬಂತಲ್ಲ? ನಮ್ಮ ಡಿಎಂಐಟಿಯಲ್ಲಿ ಹತ್ತು ಸಲ ಮಾಡಿದರೂ ಅದೇ ಉತ್ತರ ಬರುತ್ತದೆ. ನೀವೇ ಹೇಳಿ ಯಾವುದು ಪಕ್ಕಾ ಅಂತ. ಪೇರೆಂಟ್ಸ್ ಎಲ್ಲಾ ತುಂಬಾ ಖುಷಿಯಾಗಿದ್ದಾರೆ.

ಸಂಜೆ_ಓಪಿಡಿ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಕೆಲಸ ಇದೇ ಊರಲ್ಲಿ. ಟೆಸ್ಟ್ ಮಾಡೋದು, ರಿಪೋರ್ಟ್ ಬರೆಯೋದೇ ದಿನದ ಅರ್ಧ ಕೆಲಸ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದಾರಿದೀಪ ಅವರ ಮಾತು. ಹತ್ತು ಸಲ ಮಾಡಿದರೂ ಅದೇ ಉತ್ತರ ಬರುತ್ತದೆ, ನಿಜ. ಬರದೇ ಏನು, ಬೆರಳಿನ ಗೆರೆ ಬದಲಾಗೋದೇ ಇಲ್ಲವಲ್ಲ! ಅದೇ ಕಾರಣಕ್ಕೆ ಪೊಲೀಸರು ಅದನ್ನು ಬಳಸುತ್ತಾರೆ. ಮತ್ತೆ ಮತ್ತೆ ಅಳೆದಾಗ ಉತ್ತರ ಹೆಚ್ಚು ಕಡಿಮೆ ಅದೇ ಬರೋದಕ್ಕೆ ನಮ್ಮಲ್ಲಿ ರಿಲಯಬಿಲಿಟಿ ಅನ್ನುತ್ತೇವೆ. ಅದು ಬೇಕು, ಅದಿಲ್ಲದ ಟೆಸ್ಟ್ ಕಸಕ್ಕೆ ಸಮ. ಆದರೆ ಅದೊಂದೇ ಇದ್ದರೆ ಏನೂ ಸಾಬೀತಾಗೋದಿಲ್ಲ. ನಾನು ನಾಳೆಯಿಂದ ಮಕ್ಕಳ ಕಿವಿಯ ಉದ್ದ ಅಳೆದು "ಇವನು ಎಂಜಿನಿಯರ್, ಇವಳು ವಕೀಲೆ" ಅಂತ ಬರೆದುಕೊಟ್ಟರೂ ಪ್ರತಿ ಸಲ ಅದೇ ಉತ್ತರ ಬರುತ್ತದೆ. ಏನನ್ನು ಅಳೆಯುತ್ತೇನೆ ಅಂತ ಟೆಸ್ಟ್ ಹೇಳಿಕೊಳ್ಳುತ್ತದೋ ಅದನ್ನೇ ಅಳೆಯುತ್ತಿದೆ ಅನ್ನೋದಕ್ಕೆ ಪುರಾವೆ ಬೇಕು. ಅದಕ್ಕೆ ವ್ಯಾಲಿಡಿಟಿ ಅಂತ ಹೆಸರು. ಡಿಎಂಐಟಿ ಬೀಳೋದು ಇಲ್ಲಿ. ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಬಹಿರಂಗವಾಗಿಯೇ ಹೇಳಿದೆ.

ಡರ್ಮಟೋಗ್ಲಿಫಿಕ್ಸ್ ನಿಜವಾದ ಅಧ್ಯಯನ, ಒಪ್ಪುತ್ತೇನೆ. ಹೆರಾಲ್ಡ್ ಕಮಿನ್ಸ್ 1926ರಲ್ಲಿ ಆ ಹೆಸರು ಇಟ್ಟರು, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗೈ ಗೆರೆಗಳನ್ನೂ ನೋಡಿದರು. ಅಲ್ಲಿಂದ "ನಿಮ್ಮ ಮಗನಿಗೆ ಕಾಮರ್ಸ್" ಅನ್ನೋ ತನಕ ಜಿಗಿಯೋಕೆ ನಡುವೆ ಏನೂ ಇಲ್ಲ. ಇಬ್ಬರು ಒಂದೇ ಬಸ್ಸಿನಲ್ಲಿ ಹುಮನಾಬಾದಿನಲ್ಲಿ ಇಳಿದರು ಅಂದ ಮಾತ್ರಕ್ಕೆ ನೆಂಟರಾಗುತ್ತಾರಾ? ಗೆರೆಯೂ ಮೆದುಳೂ ಒಂದೇ ಹೊತ್ತಲ್ಲಿ ಬೆಳೆಯುತ್ತವೆ ಅನ್ನೋದು ಅಷ್ಟೇ ಆಯಿತು.

ಪುರಾವೆ ಕೊಡಬೇಕು ಅಂದರೆ ದಾರಿ ಇದೆ, ಕಷ್ಟವೇನಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳ ಬೆರಳಚ್ಚು ತಗೊಳ್ಳಿ. ರಿಪೋರ್ಟ್ ಬರೆದು ಲಕೋಟೆಗೆ ಹಾಕಿ ಅಂಟಿಸಿ, ಮಕ್ಕಳಿಗೂ ಮೇಷ್ಟ್ರಿಗೂ ತೋರಿಸಬೇಡಿ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಲಕೋಟೆ ಒಡೆದು, ಲೆಕ್ಕದ ಬುದ್ಧಿ ಜಾಸ್ತಿ ಅಂದವರಿಗೆ ಗಣಿತದಲ್ಲಿ ನಿಜವಾಗಿ ಜಾಸ್ತಿ ಬಂತಾ ನೋಡಿ. ತೋರಿಸಬಾರದು ಯಾಕೆ ಅಂದರೆ, ಕಲಬುರಗಿ_ಅಮ್ಮ ಅವರ ಮಗನಿಗೆ ಆದದ್ದೇ ಆಗುತ್ತದೆ. ರಿಪೋರ್ಟ್ ಓದಿದ ಹುಡುಗ ಪುಸ್ತಕ ಮುಚ್ಚುತ್ತಾನೆ, ಅಂಕ ಕಡಿಮೆ ಬರುತ್ತೆ, ಆಮೇಲೆ "ನೋಡಿ, ನಾವು ಹೇಳಿರಲಿಲ್ವಾ" ಅಂತಾರೆ. ಪೇರೆಂಟ್ಸ್ ಖುಷಿಯಾಗಿರೋದು ಪುರಾವೆ ಆಗಲ್ಲ. ಅದು ಯಾಕೆ ಅಂತ ಸುರಪುರದವರು ಮೇಲೆ ಹೇಳಿದ್ದಾರೆ.

ಹೋಲಿಕೆಗೆ ಒಂದು ಮಾತು. ಒಳ್ಳೆಯ ಬುದ್ಧಿ ಪರೀಕ್ಷೆಗಳ ಅಂಕಕ್ಕೂ ಶಾಲೆಯ ಅಂಕಕ್ಕೂ ಇರುವ ನಂಟು ಸುಮಾರು 0.5 ಅಂತ ಅಮೆರಿಕದ ಮನಶ್ಶಾಸ್ತ್ರ ಸಂಘದ 1996ರ ವರದಿ ಹೇಳುತ್ತದೆ. 1 ಇದ್ದರೆ ಪೂರ್ತಿ ನಂಟು, 0 ಇದ್ದರೆ ನಂಟೇ ಇಲ್ಲ. 0.5 ಅಂದರೆ (0.5ನ್ನು 0.5ರಿಂದಲೇ ಗುಣಿಸಿ ನೋಡಬೇಕು), ಮಕ್ಕಳ ಅಂಕಗಳಲ್ಲಿ ಕಾಣೋ ಏರುಪೇರಿನಲ್ಲಿ ಕಾಲು ಭಾಗ ಮಾತ್ರ ಈ ಟೆಸ್ಟ್ ಜೊತೆ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಓದೋ ಆಸಕ್ತಿ, ಮೇಷ್ಟ್ರು, ಮನೆ, ಆರೋಗ್ಯ, ಇನ್ನೂ ಏನೇನೋ. ನೂರಕ್ಕೂ ಹೆಚ್ಚು ವರ್ಷ ತಿದ್ದಿ ತೀಡಿದ ಟೆಸ್ಟ್‌ಗಳ ಕಥೆಯೇ ಇಷ್ಟು. ಹಾಗಿರುವಾಗ ಯಾರಾದರೂ ನೂರಕ್ಕೆ ನೂರು ಅಂದರೆ ಪರ್ಸ್ ಒಳಗೆ ಇಟ್ಟುಕೊಳ್ಳಿ.

ಈಗ 86 ಮತ್ತು 93. ಇದು ಗಾಬರಿ ಪಡೋ ವಿಷಯ ಅಲ್ಲವೇ ಅಲ್ಲ. ಐಕ್ಯೂ ಅಂದರೆ ತಲೆಯೊಳಗೆ ಇಷ್ಟು ಲೀಟರ್ ಬುದ್ಧಿ ಇದೆ ಅನ್ನೋ ಲೆಕ್ಕ ಅಲ್ಲ. ಅದೇ ವಯಸ್ಸಿನ ಬೇರೆ ಮಕ್ಕಳ ನಡುವೆ ಇವನು ಎಲ್ಲಿ ನಿಲ್ಲುತ್ತಾನೆ ಅನ್ನೋದು. ಸರಾಸರಿಯನ್ನು 100 ಅಂತ ಇಟ್ಟಿರುತ್ತಾರೆ. ಈಗಿನ ಹೆಚ್ಚಿನ ಟೆಸ್ಟ್‌ಗಳಲ್ಲಿ ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ. ನಿಮ್ಮ ಮಗ ಎರಡು ಸಲವೂ ಅಲ್ಲೇ ಇದ್ದಾನೆ.

ಮತ್ತೆ, ಯಾವ ಟೆಸ್ಟ್ ಆದರೂ ಸ್ವಲ್ಪ ಅತ್ತ ಇತ್ತ ಆಗೋದು ಇದ್ದದ್ದೇ. ಎಷ್ಟು ಅನ್ನೋದನ್ನು ಲೆಕ್ಕ ಹಾಕಬಹುದು. ರಿಲಯಬಿಲಿಟಿ 0.90 ಇರುವ, ಅಂದರೆ ಚೆನ್ನಾಗಿಯೇ ಇರುವ ಟೆಸ್ಟ್‌ನಲ್ಲೂ ಆ ತಪ್ಪಿನ ಅಳತೆ ಸುಮಾರು 4.7 ಅಂಕ. ಅದನ್ನು ಎರಡರಷ್ಟು ಮಾಡಿ ಎರಡೂ ಕಡೆ ಹಾಕಿದರೆ, 86 ಅಂದಾಗ ನಾವು ಧೈರ್ಯವಾಗಿ ಹೇಳಬಹುದಾದದ್ದು "77ರಿಂದ 95ರ ನಡುವೆ ಎಲ್ಲೋ" ಅಂತ ಮಾತ್ರ. 93 ಅಂದರೆ 84ರಿಂದ 102. ಎರಡೂ ಒಂದರ ಮೇಲೊಂದು ಬೀಳುತ್ತವೆ ನೋಡಿ. ರಿಪೋರ್ಟ್ ಬರೆಯೋರು ಒಂಟಿ ನಂಬರ್ ಬರೆದು ಈ ವ್ಯಾಪ್ತಿ ಬರೆಯದೆ ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ನಮ್ಮ ಕಡೆ ಬಹಳ ಜನ ಬರೆಯೋದಿಲ್ಲ ಅನ್ನೋದು ಬೇರೆ ಮಾತು.

ಯಾವ ಟೆಸ್ಟ್ ಮಾಡಿದರು ಅನ್ನೋದೂ ಮುಖ್ಯ. ರಿಪೋರ್ಟ್‌ನಲ್ಲಿ ಬಿಕೆಟಿ ಅಂತ ಇದ್ದರೆ ಅದು ಬಿನೆ-ಕಾಮತ್ ಟೆಸ್ಟ್. ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸಲು ಮಾಡಿದ ಪರೀಕ್ಷೆಯ ವಂಶದ್ದು. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿಗೆ ತಂದು ಧಾರವಾಡದ ಕಡೆ ಮಕ್ಕಳ ಮೇಲೆ ಒಗ್ಗಿಸಿದರು. ನಮಗೆ ಹೆಮ್ಮೆಯ ಕೆಲಸವೇ, ಆದರೆ ಹೋಲಿಕೆ ಮಾಡೋದು ಆ ಕಾಲದ ಮಕ್ಕಳ ಜೊತೆ. ಇಪ್ಪತ್ತನೇ ಶತಮಾನದಲ್ಲಿ ಬಹಳ ದೇಶಗಳಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಮಕ್ಕಳ ಸರಾಸರಿ ಏರಿದೆ ಅಂತ ಜೇಮ್ಸ್ ಫ್ಲಿನ್ ತೋರಿಸಿದರು. ಹಾಗಾಗಿ ಹಳೇ ಮಕ್ಕಳ ಜೊತೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಸುಮ್ನೆ ಉಬ್ಬುತ್ತದೆ. ಎಂಐಎಸ್‌ಐಸಿ ಅಂತ ಇದ್ದರೆ ಅದು ನಾಗಪುರದಲ್ಲಿ ಮಾಲಿನ್ ಅವರು 1969ರಲ್ಲಿ ಮಾಡಿದ್ದು, ಮಾತಿನ 6 ಮತ್ತು ಕೈಯಲ್ಲಿ ಮಾಡೋ 5 ಉಪಪರೀಕ್ಷೆ ಇರುತ್ತವೆ. ಅದೂ ಹಳೆಯದೇ. ಎರಡು ಕಡೆ ಬೇರೆ ಬೇರೆ ಟೆಸ್ಟ್ ಮಾಡಿದ್ದರೆ ಅಂಕಗಳನ್ನು ನೇರ ಹೋಲಿಸಬೇಡಿ. ಒಂದೇ ಟೆಸ್ಟ್ ಮಾಡಿದ್ದರೆ ನಡುವೆ ಎಷ್ಟು ದಿನ ಇತ್ತು ಹೇಳಿ.

ಔರಾದ_ಮಾಸ್ತರ

ಮೇಡಂ ಚೆನ್ನಾಗಿ ಹೇಳಿದರು. ಒಂದು ಮಾತು ನಾನೂ ಸೇರಿಸುತ್ತೇನೆ. ನಾನು ಬೀದರ್ ಜಿಲ್ಲೆ ಔರಾದ ಕಡೆ ಸರ್ಕಾರಿ ಶಾಲೆ ಮಾಸ್ತರ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮನೇಲಿ ಮರಾಠಿ, ತಾಂಡಾದ ಮಕ್ಕಳು ಲಂಬಾಣಿ, ಕೆಲವರು ಉರ್ದು. ಕನ್ನಡ ಶಾಲೆಗೆ ಬಂದ ಮೇಲೆ ಕಲಿತದ್ದು.

ಹಿಂದೊಮ್ಮೆ ಒಬ್ಬ ಹುಡುಗನಿಗೆ ಟೆಸ್ಟ್ ಮಾಡುವಾಗ ನಾನೂ ಬಾಗಿಲ ಹತ್ತಿರ ನಿಂತಿದ್ದೆ. ಟೆಸ್ಟ್ ಮಾಡಲು ಬಂದವರು ದಕ್ಷಿಣದ ಕಡೆಯವರು, ಕನ್ನಡ ಶುದ್ಧ, ಮಾತು ಜೋರು. ಶಬ್ದ ಹೇಳಿ ಅರ್ಥ ಕೇಳುತ್ತಿದ್ದರು. ಹುಡುಗ ಚಡ್ಡಿ ಜೇಬಿನ ದಾರ ಎಳೆಯುತ್ತ ನೆಲ ನೋಡುತ್ತ ನಿಂತ. ಒಂದಕ್ಕೂ ಬಾಯಿ ಬಿಡಲಿಲ್ಲ. ಹಾಳೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಬಣ್ಣದ ಚೌಕ ಮರದ ತುಂಡು ಕೊಟ್ಟು, ಕಾರ್ಡಿನಲ್ಲಿದ್ದ ವಿನ್ಯಾಸ ಜೋಡಿಸು ಅಂದರು. ಅಷ್ಟೇ, ಹುಡುಗ ಕುಕ್ಕರುಗಾಲಲ್ಲಿ ಕೂತು ಟಕಟಕ ಜೋಡಿಸಿದ, ಒಂದು ತುಂಡು ಓರೆ ಬಂದದ್ದನ್ನು ತಾನೇ ನೋಡಿ ತಿರುಗಿಸಿಟ್ಟ, ಮುಂದಿನ ಕಾರ್ಡಿಗೆ ಕೈ ಚಾಚಿದ. ಮಾತಿನ ಭಾಗ, ಕೈಯ ಭಾಗ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಒಂದು ನಂಬರ್ ಬರೆದರು, "ಮಂದ ಬುದ್ಧಿ" ಅನ್ನೋ ಅರ್ಥ ಬರೋ ಹಾಗೆ. ಆ ನಂಬರಿನಲ್ಲಿ ಆ ಹುಡುಗ ಎಲ್ಲಿದ್ದಾನೆ ಹೇಳಿ?

ನಾನೇನು ಟೆಸ್ಟ್ ವಿರೋಧಿ ಅಲ್ಲ. ಯಾರ ಮಕ್ಕಳ ಮೇಲೆ ಆ ಟೆಸ್ಟ್ ಒಗ್ಗಿಸಿದರು, ಆ ಗುಂಪಿನಲ್ಲಿ ನಮ್ಮ ತಾಂಡಾದ ಮಗು ಇತ್ತಾ ಅಂತ ಕೇಳೋ ಹಕ್ಕು ನಮಗಿದೆ ಅಂತೀನಿ. ಸೇಡಂ, ಚಿಂಚೋಳಿ ಕಡೆ ತೆಲುಗು, ಆಳಂದ ಕಡೆ ಮರಾಠಿ. ಈ ಭಾಗದಲ್ಲಿ ಇದು ಎಲ್ಲ ಕಡೆ ಇರುವ ಸಮಸ್ಯೆ.

ಸಂಜೆ_ಓಪಿಡಿ

ಸರ್, ನೂರಕ್ಕೆ ನೂರು ಒಪ್ಪಿದೆ. ಮಾತಿನ ಭಾಗಕ್ಕೂ ಕೈಯ ಭಾಗಕ್ಕೂ ಅಷ್ಟು ಅಂತರ ಇದ್ದಾಗ ಸರಾಸರಿಗೆ ಅರ್ಥವೇ ಇರಲ್ಲ. ಎರಡನ್ನೂ ಬೇರೆ ಬೇರೆ ಬರೆದು ಮನೆ ಭಾಷೆ ಯಾವುದು ಅಂತ ನಮೂದಿಸಬೇಕು. ಸಿ. ಎಂ. ಭಾಟಿಯಾ ಅವರು 1955ರಲ್ಲೇ ಓದು ಬಾರದ ಮಕ್ಕಳಿಗೂ ಬೇರೆ ಮಾನದಂಡ ಇಟ್ಟು, ಮಾತು ಕಡಿಮೆ ಇರುವ ಒಂದು ಬ್ಯಾಟರಿ, ಅಂದರೆ ಪರೀಕ್ಷೆಗಳ ಗುಂಪು, ಮಾಡಿದ್ದರು. ಸಮಸ್ಯೆ ಆಗಲೇ ಗೊತ್ತಿತ್ತು ಅಂತಾಯಿತು. ಆದರೆ ಚಿತ್ರ, ಚೌಕ ಇದ್ದ ಮಾತ್ರಕ್ಕೆ ಟೆಸ್ಟ್ ಎಲ್ಲರಿಗೂ ಸಮ ಅನ್ನೋದೂ ಸರಿಯಲ್ಲ. ಚಿತ್ರದ ಪುಸ್ತಕ, ಆಟದ ಬ್ಲಾಕ್ ಕಂಡ ಮಗುವಿಗೂ ಕಾಣದ ಮಗುವಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಸುರಪುರ_ಪೋರ

ಅಡ್ಡ ಮಾತು, ಕ್ಷಮಿಸಿ. ನನ್ನ ರೂಮ್‌ಮೇಟ್ ಮೊಬೈಲ್‌ನಲ್ಲಿ 9 ಪ್ರಶ್ನೆಯ ಡಿಪ್ರೆಶನ್ ಟೆಸ್ಟ್ ಮಾಡಿ, 14 ಬಂತು, ನನಗೆ ಡಿಪ್ರೆಶನ್ ಅಂತ ಕೂತಿದ್ದಾನೆ. ಅದೂ ಡಿಎಂಐಟಿ ಥರಾನೇ ಬೋಗಸ್ಸಾ?

ಸಂಜೆ_ಓಪಿಡಿ

ಪಿಎಚ್‌ಕ್ಯೂ-9 ಇರಬೇಕು. ಬೋಗಸ್ ಅಲ್ಲ, ಒಳ್ಳೆಯ ಟೆಸ್ಟ್. 0ರಿಂದ 27ರ ತನಕ ಅಂಕ, 10 ಮತ್ತು ಅದಕ್ಕಿಂತ ಮೇಲೆ ಬಂದರೆ ಯಾರಾದರೂ ಕೂತು ಮಾತಾಡಿಸಿ ನೋಡಬೇಕು ಅಂತ ಸೂಚನೆ. ಇದೊಂದು ಜರಡಿ. ಜರಡಿಯಲ್ಲಿ ಉಳಿದವರಿಗೆಲ್ಲ ಕಾಯಿಲೆ ಇದೆ ಅಂತಲ್ಲ, ಥೈರಾಯ್ಡ್ ತೊಂದರೆ, ನಿದ್ದೆಗೆಟ್ಟದ್ದು, ಮನೇಲಿ ಸಾವಾದದ್ದು ಕೂಡ ಅಂಕ ಏರಿಸುತ್ತದೆ. ಹಾಗಂತ ಉಪೇಕ್ಷೆ ಮಾಡೋದೂ ಬೇಡ. ಒಳ್ಳೆಯ ಟೆಸ್ಟ್ ಕೂಡ ಯಾವ ಕೆಲಸಕ್ಕೆ ಮಾಡಿದೆಯೋ ಆ ಕೆಲಸಕ್ಕೆ ಮಾತ್ರ ಒಳ್ಳೆಯದು. ಅವನಿಗೆ 14416ಕ್ಕೆ ಫೋನ್ ಮಾಡಲು ಹೇಳಿ, ಟೆಲಿ ಮಾನಸ್, ಸರ್ಕಾರದ್ದು, ಕನ್ನಡದಲ್ಲೇ ಮಾತಾಡಬಹುದು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬಗ್ಗೆ ಇರುತ್ತದೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನಾದರೂ ಹಾಕಿದ್ದರೆ ಇವತ್ತೇ ಮಾಡಲಿ.

ಕಲಬುರಗಿ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುರಪುರದ ತಮ್ಮ ಹೇಳಿದ್ದು ಮಾಡಿಯೇ ಬಿಟ್ಟೆ. ಭಾನುವಾರ ಶಹಾಬಾದ್‌ಗೆ ತವರಿಗೆ ಹೋಗಿದ್ದೆ. ರಿಪೋರ್ಟಿನ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ನಮ್ಮ ಅಣ್ಣನ ಕೈಗೆ ಕೊಟ್ಟೆ, ನಿನ್ನ ಮಗಳದು, ಟ್ಯೂಷನ್‌ನಲ್ಲಿ ಮಾಡಿದ್ದು ಅಂತ. ಅಣ್ಣ ಕನ್ನಡಕ ಹಾಕಿಕೊಂಡು ಓದುತ್ತ ಓದುತ್ತ "ಥೇಟ್ ನಮ್ಮ ಹುಡುಗಿ, ನೋಡು, ಹಠ ಅಂತಾನೂ ಬರೆದಿದ್ದಾರೆ, ಹೆಂಗ ಗೊತ್ತಾಯ್ತು ಇವರಿಗೆ" ಅಂತ ಅತ್ತಿಗೇನ ಕರೆದು ತೋರಿಸಿದ! ಪಟ್ಟಿ ಕಿತ್ತು ತೋರಿಸಿದ ಮೇಲೆ ಮುಖ ನೋಡಬೇಕಿತ್ತು. ನನ್ನ ಮಗ ಅಲ್ಲೇ ಇದ್ದ, ಬಿದ್ದು ಬಿದ್ದು ನಕ್ಕ.

ಮೇಡಂ, ರಿಪೋರ್ಟ್ ತೆಗೆದು ನೋಡಿದೆ. ಎರಡೂ ಕಡೆ ಎಂಐಎಸ್‌ಐಸಿ. ನಡುವೆ ಹದಿನೈದು ದಿನವೂ ಇರಲಿಲ್ಲ. ಎರಡನೇ ಸಲ ಇವನೇ "ಇದು ಅಲ್ಲಿ ಮಾಡಿದ್ದೇ ಆಟ" ಅಂದಿದ್ದ. ಇನ್ನೊಂದು, ಮೊದಲನೇ ಕಡೆ ನಾನೂ ಒಳಗೆ ಕೂತಿದ್ದೆ. ಅವನು ಸುಮ್ಮನಾದಾಗ "ಹೇಳಪ್ಪಾ, ಗೊತ್ತಲ್ಲ ನಿಂಗೆ" ಅಂತಿದ್ದೆ, ಅವರು ಏನೂ ಅನ್ನಲಿಲ್ಲ. ಈಗ ಮತ್ತೆ ಟೆಸ್ಟ್ ಮಾಡಿಸಬೇಕಾ? ಸೈನ್ಸೋ ಕಾಮರ್ಸೋ ಅನ್ನೋದಕ್ಕೆ ಸರಿಯಾದ ಟೆಸ್ಟ್ ಇದೆಯಾ? ಬರೆಯೋದು ಮಾತ್ರ ಈಗಲೂ ನಿಧಾನವೇ. ಲೆಕ್ಕ ಬಾಯಲ್ಲಿ ಹೇಳಿಬಿಡುತ್ತಾನೆ, ಪೇಪರಲ್ಲಿ ಬರೆದು ಮುಗಿಸೋದಿಲ್ಲ. ಅಕ್ಷರ ತಪ್ಪು ಬಹಳ.

ಸಂಜೆ_ಓಪಿಡಿ

ಹಾಗಾದರೆ 93ರಲ್ಲಿ ಸ್ವಲ್ಪ ಪಾಲು ಅಭ್ಯಾಸದ್ದು. ಅದೇ ಟೆಸ್ಟ್ ಬೇಗ ಮತ್ತೆ ಮಾಡಿದರೆ ಅಂಕ ಏರುತ್ತದೆ, ಅದರಲ್ಲೂ ಕೈಯಲ್ಲಿ ಮಾಡೋ ಭಾಗದಲ್ಲಿ. ಎರಡನೆಯವರು ಮೊದಲಿನ ರಿಪೋರ್ಟ್ ಕೇಳಬೇಕಿತ್ತು. ಮೊದಲನೆಯವರು ನಿಮ್ಮನ್ನು ಹೊರಗೆ ಕೂರಿಸಬೇಕಿತ್ತು. ಪ್ರಶ್ನೆಯನ್ನು ಎಲ್ಲ ಮಕ್ಕಳಿಗೂ ಒಂದೇ ಮಾತಿನಲ್ಲಿ, ಒಂದೇ ರೀತಿ ಕೇಳಬೇಕು, ಸುಳಿವು ಕೊಡಬಾರದು, ಹುರಿದುಂಬಿಸೋದಕ್ಕೂ ಮಿತಿ ಇದೆ. ಅಂಕಿ ಹೇಳಿ ತಿರುಗಿ ಹೇಳಿಸೋ ಭಾಗದಲ್ಲಿ ಸೆಕೆಂಡಿಗೆ ಒಂದು ಅಂಕಿ ಅಂದರೆ ಒಂದೇ. ಬೇಗ ಓದಿದರೂ ಬೇರೆ ಟೆಸ್ಟ್ ಆಗಿಬಿಡುತ್ತದೆ.

ಐಕ್ಯೂ ಮತ್ತೆ ಬೇಡ. ನೀವು ಬರೆದ ಕೊನೆಯ ಎರಡು ಸಾಲು ಓದಿದಾಗ ನನಗೆ ಐಕ್ಯೂ ಪ್ರಶ್ನೆಯೇ ತಪ್ಪು ಅನ್ನಿಸಿತು. ಬಾಯಲ್ಲಿ ಲೆಕ್ಕ ಬರುತ್ತೆ, ಬರೆಯೋಕೆ ಆಗಲ್ಲ, ಅಕ್ಷರ ತಪ್ಪು ಜಾಸ್ತಿ ಅಂದರೆ ಕಲಿಕಾ ನ್ಯೂನತೆ ಇದೆಯಾ ಅಂತ ನೋಡಬೇಕು. ಇದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಓದು, ಬರಹ, ಕಾಗುಣಿತ, ಲೆಕ್ಕ ಬೇರೆ ಬೇರೆ ನೋಡೋ ಪರೀಕ್ಷೆಗಳಿವೆ, ನಿಮ್ಹಾನ್ಸ್‌ನವರ ಬ್ಯಾಟರಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಅದಕ್ಕೆ ಓಡಾಟ ಇರುತ್ತೆ, ಹಾಗಾಗಿ ತಡ ಮಾಡಬೇಡಿ, ಶಾಲೆಯ ಹೆಡ್‌ಮಾಸ್ತರ್ ಹತ್ತಿರ ಈಗಲೇ ಮಾತಾಡಿ.

ಹೋದ ಕಡೆ ಮೊದಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದವರ ಹತ್ತಿರ ಅದು ಇರಲೇಬೇಕು. ಕೇಳಿದರೆ ಸಿಟ್ಟು ಬರೋರ ಹತ್ತಿರ ಟೆಸ್ಟ್ ಮಾಡಿಸಬೇಡಿ. ಟೆಸ್ಟಿನ ಹೆಸರು, ಯಾವ ವಯಸ್ಸಿನ ಯಾವ ಮಕ್ಕಳ ಜೊತೆ ಹೋಲಿಸುತ್ತಾರೆ, ರಿಪೋರ್ಟ್‌ನಲ್ಲಿ ವ್ಯಾಪ್ತಿ ಬರೆಯುತ್ತಾರಾ ಅಂತಲೂ ಕೇಳಿ.

ಸೈನ್ಸ್, ಕಾಮರ್ಸ್ ವಿಷಯ ಆಮೇಲೆ. ಡಿಎಟಿ ಅಂತ ಒಂದು ಸಾಮರ್ಥ್ಯ ಪರೀಕ್ಷೆಗಳ ಗುಂಪಿದೆ, ಅಮೆರಿಕದಲ್ಲಿ 1947ರಲ್ಲಿ ಬಂದದ್ದು. ಅದರ ಭಾರತೀಯ ರೂಪ ಇಟ್ಟುಕೊಂಡು, ಆಸಕ್ತಿಯ ಪ್ರಶ್ನಾವಳಿ ಜೊತೆ ಸೇರಿಸಿ ನೋಡುತ್ತೇವೆ. ಆದರೂ ಅದು "ಇದು ಬೇಡ" ಅಂತ ಬಾಗಿಲು ಹಾಕೋದಿಲ್ಲ, ಮಾತಾಡೋಕೆ ವಿಷಯ ಕೊಡುತ್ತದೆ ಅಷ್ಟೇ. ಬಾಯಲ್ಲಿ ಲೆಕ್ಕ ಹೇಳೋ ಹುಡುಗನಿಗೆ ಈಗಲೇ ಗಣಿತ ಬಿಡಿಸೋದು ನನಗಂತೂ ಸರಿ ಕಾಣುತ್ತಿಲ್ಲ.

ಹೋಗುವಾಗ ಹಳೆಯ ಎರಡೂ ರಿಪೋರ್ಟ್, ಈ ವರ್ಷದ ಕನ್ನಡ ಮತ್ತು ಗಣಿತದ ನೋಟ್‌ಬುಕ್, ಟೆಸ್ಟ್ ಪೇಪರ್ ತಗೊಂಡು ಹೋಗಿ. ಕಣ್ಣು, ಕಿವಿ ಒಮ್ಮೆ ಮೊದಲೇ ತೋರಿಸಿಬಿಡಿ. ಬೆಳಗ್ಗೆ ಹೊತ್ತು ಕೇಳಿ, ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಮತ್ತೆ ನೀವು ಹೊರಗೇ ಕೂರಬೇಕು.

ಕಲಬುರಗಿ_ಅಮ್ಮ

ಹೊರಗೇ ಕೂರ್ತೀನಿ ಮೇಡಂ, ಯಜಮಾನರನ್ನೂ ಕೂರಿಸ್ತೀನಿ. ನೋಟ್‌ಬುಕ್ ತೆಗೆದಿಟ್ಟಿದ್ದೇನೆ. ಕಣ್ಣಿಗೆ ನಾಳೆ ತೋರಿಸ್ತೀವಿ.